ಆಟದ ಹುಡುಗಿಯರ ಮೊಣಕಾಲು: ಎಂಆರ್‌ಐ ಕೋಣೆಯಿಂದ ಕಂಡದ್ದು

(ಮಹಿಳಾ ವಿಭಾಗದ ಅರಸಿನ ಕುಂಕುಮ ಕಾರ್ಯಕ್ರಮದಲ್ಲಿ ನೀಡಿದ ಉಪನ್ಯಾಸ)



ನಾನು ಈ ವೇದಿಕೆಯ ಮೂರು ಮೆಟ್ಟಿಲು ಹತ್ತಿದ್ದನ್ನು ನೀವು ನೋಡಿದಿರಿ. ಪ್ರತಿ ಮೆಟ್ಟಿಲಿಗೂ ಬಲಗಾಲು ಮೊದಲು ಇಟ್ಟು, ಎಡಗಾಲನ್ನು ಅದರ ಪಕ್ಕಕ್ಕೆ ತಂದು ನಿಲ್ಲಿಸಿದೆ. ಮುಂದಿನ ಸಾಲಿನಲ್ಲಿದ್ದ ಒಬ್ಬರು "ಪಾಪ, ವಯಸ್ಸಾಯ್ತು" ಎಂದದ್ದೂ ಕೇಳಿಸಿತು. ವಯಸ್ಸು ಐವತ್ತು ದಾಟಿದ್ದು ನಿಜ. ಆದರೆ ಈ ಕಾಲು ಹೀಗಾದದ್ದು ವಯಸ್ಸಿನಿಂದಲ್ಲ, ಕಬಡ್ಡಿಯಿಂದ. ಆಗ ನನಗೆ ಹದಿನಾಲ್ಕು.

1986ನೇ ಇಸವಿ. ನಾವು ಭಾಂಡುಪ್‌ನ ಚಾಳ್‌ನಲ್ಲಿದ್ದೆವು. ಅಪ್ಪ ಒಂದು ಕ್ಯಾಂಟೀನಿನಲ್ಲಿ ಕೆಲಸ ಮಾಡುತ್ತಿದ್ದರು. ನಾನು ಕಲಿಯುತ್ತಿದ್ದದ್ದು ಪಾಲಿಕೆಯ ಕನ್ನಡ ಶಾಲೆಯಲ್ಲಿ. ಅಂತರಶಾಲಾ ಪಂದ್ಯದಲ್ಲಿ ಎದುರಾಳಿಯ ಹಿಡಿತ ತಪ್ಪಿಸಿಕೊಳ್ಳಲು ಗಕ್ಕನೆ ತಿರುಗಿದೆ. ಪಾದ ಮಣ್ಣಿನಲ್ಲೇ ಊರಿಕೊಂಡಿತು, ಮೈ ಮಾತ್ರ ತಿರುಗಿತು. ಮಂಡಿಯೊಳಗೆ "ಟಕ್" ಎಂಬ ಸದ್ದು, ಒಣ ಕಡ್ಡಿ ಮುರಿದಂತೆ. ಸಂಜೆಯೊಳಗೆ ಮಂಡಿ ಊದಿ ತೆಂಗಿನಕಾಯಿಯಂತಾಯಿತು. ಎಣ್ಣೆ ತಿಕ್ಕುವವರು ಬಂದು ತಿಕ್ಕಿದರು, ಬಿದಿರಿನ ಪಟ್ಟಿ ಕಟ್ಟಿದರು. ಮೂರು ವಾರದಲ್ಲಿ ಊತ ಇಳಿಯಿತು. "ಮೂಳೆ ಮುರಿದಿಲ್ಲವಲ್ಲ, ಇನ್ನು ಆಟ ಸಾಕು, ಹೆಣ್ಣುಮಗಳು" ಎಂದು ಅಮ್ಮ ಹೇಳಿದರು. ಅಲ್ಲಿಗೆ ಮುಗಿಯಿತು ಎಂದುಕೊಂಡೆವು.

ಮುಂದೆ ನಾನು ಎಕ್ಸ್-ರೇ ತಂತ್ರಜ್ಞೆಯಾದೆ, ನಂತರ ಎಂಆರ್‌ಐ ಕಲಿತೆ. 2004ರಲ್ಲಿ ನಾನು ಕೆಲಸ ಮಾಡುತ್ತಿದ್ದ ಸೆಂಟರ್‌ಗೆ ಹೊಸ ಯಂತ್ರ ಬಂತು. ಹೊಸ ಯಂತ್ರದಲ್ಲಿ ಚಿತ್ರ ಸರಿಯಾಗಿ ಬರುತ್ತದೆಯೇ ಎಂದು ಪರೀಕ್ಷಿಸಲು ಸಿಬ್ಬಂದಿಯಲ್ಲೇ ಯಾರಾದರೂ ಮಲಗುವುದು ರೂಢಿ. ನಾನೇ ಮಲಗಿದೆ. ಹೊರಬಂದಾಗ ನಮ್ಮ ರೇಡಿಯಾಲಜಿಸ್ಟ್ ಸುಮ್ಮನೆ ಪರದೆ ನೋಡುತ್ತಿದ್ದರು. "ಸಿಸ್ಟರ್, ಇಲ್ಲಿ ಲಿಗಮೆಂಟೇ ಇಲ್ಲವಲ್ಲ, ಯಾವಾಗ ಆದದ್ದು?" ಎಂದು ಕೇಳಿದರು. ಹದಿನೆಂಟು ವರ್ಷ ಎಂದೆ. ಅವರು ಮತ್ತೆ ಮಾತಾಡಲಿಲ್ಲ. ದಿನಕ್ಕೆ ಎಂಟು ಹತ್ತು ಮಂಡಿಗಳ ಚಿತ್ರ ತೆಗೆಯುವ ನನಗೆ ಆ ಚಿತ್ರ ಅರ್ಥವಾಗದೆ ಇರಲಿಲ್ಲ. ತೊಡೆಯ ಮೂಳೆಯನ್ನೂ ಕಾಲಿನ ಮೂಳೆಯನ್ನೂ ಹಿಡಿದಿಡಬೇಕಾದ ಹಗ್ಗ ಇರಬೇಕಾದ ಜಾಗ ಖಾಲಿ. ಅದರ ಪಕ್ಕದ ಗಾದಿ ಹರಿದು ಚಿಂದಿ. ಅಷ್ಟು ವರ್ಷ ನಾನು ಲೋಕಲ್ ಹಿಡಿಯಲು ಸ್ಟೇಷನ್ನಿನ ಸೇತುವೆ ಓಡಿ ಇಳಿದದ್ದು ಅಂಥ ಮಂಡಿಯ ಮೇಲೆ.

ಅದಕ್ಕೇ ಈ ವಿಷಯ ಆರಿಸಿಕೊಂಡೆ. ನಾನು ವೈದ್ಯೆಯಲ್ಲ, ಯಂತ್ರ ನಡೆಸುವವಳು. ಯಂತ್ರದ ಈ ಬದಿಯಲ್ಲಿ ಕುಳಿತು ಇಪ್ಪತ್ತಕ್ಕೂ ಹೆಚ್ಚು ವರ್ಷ ಕಂಡದ್ದನ್ನು, ಜೊತೆಗಿದ್ದ ವೈದ್ಯರಿಂದ ಕೇಳಿ ತಿಳಿದದ್ದನ್ನು ಹೇಳುತ್ತೇನೆ.

ಮೊದಲು ಮಂಡಿ. ಎಳನೀರು ಒಡೆದಾಗ ಚಿಪ್ಪಿನ ಒಳಬದಿಗೆ ನುಣ್ಣಗೆ, ಒದ್ದೆಯಾಗಿ ಗಂಜಿ ಅಂಟಿಕೊಂಡಿರುತ್ತದಲ್ಲ, ಮೂಳೆಗಳ ತುದಿಯಲ್ಲಿ ಹಾಗೆಯೇ ಒಂದು ಲೇಪ ಇದೆ. ಅದೇ ಮೃದ್ವಸ್ಥಿ, ಡಾಕ್ಟರರ ಭಾಷೆಯಲ್ಲಿ ಕಾರ್ಟಿಲೇಜ್. ಅದರಲ್ಲಿ ರಕ್ತನಾಳವಿಲ್ಲ, ನರವೂ ಇಲ್ಲ. ನರವಿಲ್ಲದ ಕಾರಣ ಸವೆದರೂ ಅದು ತಾನಾಗಿ ನೋಯುವುದಿಲ್ಲ. ರಕ್ತವಿಲ್ಲದ ಕಾರಣ ಒಮ್ಮೆ ಹಾಳಾದರೆ ಮೊದಲಿನಂತೆ ಕೂಡುವುದೂ ಇಲ್ಲ. ಎರಡು ಮೂಳೆಗಳ ನಡುವೆ ಅರ್ಧಚಂದ್ರದಂಥ ಎರಡು ಗಾದಿಗಳಿವೆ, ಮೆನಿಸ್ಕಸ್ ಎನ್ನುತ್ತಾರೆ. ನಟ್ಟನಡುವೆ ಅಡ್ಡಡ್ಡ ಹಾದುಹೋಗುವ ಎರಡು ಹಗ್ಗ. ಅದರಲ್ಲಿ ಮುಂದಿನದು ಎಸಿಎಲ್. ಉದ್ದ ಸುಮಾರು ಮೂರು ಸೆಂಟಿಮೀಟರ್, ನಮ್ಮ ಕಿರುಬೆರಳಿನಷ್ಟು ದಪ್ಪ. ಓಡುತ್ತ ಓಡುತ್ತ ತಟ್ಟನೆ ತಿರುಗಿದಾಗ ಕಾಲನ್ನು ಹಿಡಿದಿಡುವುದು ಅದೇ.

ಮಕ್ಕಳ ಮಂಡಿಯಲ್ಲಿ ಇನ್ನೊಂದು ಇದೆ, ದೊಡ್ಡವರಲ್ಲಿ ಇಲ್ಲದ್ದು. ಮೂಳೆಯ ತುದಿಗೆ ಹತ್ತಿರ ಒಂದು ಮೆತ್ತನೆಯ ಪದರ, ಗ್ರೋತ್ ಪ್ಲೇಟ್. ಮೂಳೆ ಉದ್ದವಾಗುವುದು ಅಲ್ಲಿಂದ. ಕಾಲಿನ ಉದ್ದದ ಸುಮಾರು ಮೂರನೇ ಎರಡು ಪಾಲು ಬೆಳೆಯುವುದು ಮಂಡಿಯ ಮೇಲೆ ಕೆಳಗೆ ಇರುವ ಈ ಎರಡು ಪದರಗಳಿಂದಲೇ. ಹುಡುಗಿಯರಲ್ಲಿ ಹದಿನಾಲ್ಕು ಹದಿನೈದರ ಸುಮಾರಿಗೆ, ಹುಡುಗರಲ್ಲಿ ಒಂದೆರಡು ವರ್ಷ ತಡವಾಗಿ ಅದು ಗಟ್ಟಿಯಾಗಿ ಮುಚ್ಚಿಕೊಳ್ಳುತ್ತದೆ. ಅಲ್ಲಿಯವರೆಗೆ ಅದು ಮಂಡಿಯ ಮೆದು ಜಾಗ.

ಎಕ್ಸ್-ರೇಯಲ್ಲಿ ಕಾಣುವುದು ಮೂಳೆ. ಹಗ್ಗ, ಗಾದಿ, ಗಂಜಿ ಯಾವುದೂ ಕಾಣುವುದಿಲ್ಲ. ಎಂಆರ್‌ಐ ಬೇಕಾಗುವುದು ಅಲ್ಲಿ. ನಮ್ಮ ಮೈಯಲ್ಲಿ ಹೆಚ್ಚಿನದು ನೀರು, ನೀರಿನಲ್ಲಿ ಹೈಡ್ರೋಜನ್. ಅದರ ಒಂದೊಂದು ಕಣವೂ ಪುಟ್ಟ ಬುಗುರಿಯಂತೆ ತಿರುಗುತ್ತಿರುತ್ತದೆ. ದೊಡ್ಡ ಅಯಸ್ಕಾಂತದ ಒಳಗೆ ಮಲಗಿಸಿದಾಗ ಈ ಬುಗುರಿಗಳು ಸಾಲಾಗುತ್ತವೆ. ರೇಡಿಯೋ ತರಂಗ ಕಳಿಸಿ ಅವನ್ನು ಒಮ್ಮೆ ಓಲಾಡಿಸುತ್ತೇವೆ. ಅವು ಮತ್ತೆ ತಮ್ಮ ಜಾಗಕ್ಕೆ ಮರಳುವಾಗ ಸಣ್ಣ ಸಂಕೇತ ಕೊಡುತ್ತವೆ. ಕೊಬ್ಬಿನಲ್ಲಿರುವುದು ಒಂದು ಬಗೆಯಲ್ಲಿ ಮರಳುತ್ತದೆ, ಊತದ ನೀರಿನಲ್ಲಿರುವುದು ಇನ್ನೊಂದು ಬಗೆಯಲ್ಲಿ. ಆ ವ್ಯತ್ಯಾಸವೇ ಕಪ್ಪು ಬಿಳಿಯ ಚಿತ್ರವಾಗುತ್ತದೆ. ವಿಕಿರಣ ಇಲ್ಲ. ಅದಕ್ಕೇ ಒಂದೇ ಮಗುವಿನ ಮಂಡಿಯನ್ನು ವರ್ಷ ವರ್ಷ ಮತ್ತೆ ಮತ್ತೆ ನೋಡಬಹುದು. ಎಳೆಯ ಆಟಗಾರರ ಬಗ್ಗೆ ಅಧ್ಯಯನ ಮಾಡುವವರಿಗೆ ಇದು ದೊಡ್ಡ ಅನುಕೂಲ. 1977ರಲ್ಲಿ ಮನುಷ್ಯನ ದೇಹದ ಮೊದಲ ಚಿತ್ರ ತೆಗೆಯಲು ಡಮಾಡಿಯನ್ ಎಂಬ ವೈದ್ಯರಿಗೆ ಸುಮಾರು ಐದು ಗಂಟೆ ಹಿಡಿದಿತ್ತು. ಈಗ ಒಂದು ಮಂಡಿಗೆ ಇಪ್ಪತ್ತರಿಂದ ಮೂವತ್ತು ನಿಮಿಷ.

ಎಚ್ಚರಿಕೆಯ ಒಂದು ಮಾತು. ನಾವು ಬಳಸುವ 1.5 ಟೆಸ್ಲಾ ಯಂತ್ರದ ಸೆಳೆತ ಭೂಮಿಯ ಕಾಂತಶಕ್ತಿಯ ಸುಮಾರು 30,000 ಪಟ್ಟು. ಸ್ಕ್ಯಾನ್ ನಡೆಯದಿದ್ದಾಗಲೂ ಅಯಸ್ಕಾಂತ ಆಫ್ ಆಗಿರುವುದಿಲ್ಲ. 2018ರ ಜನವರಿಯಲ್ಲಿ ನಮ್ಮ ಈ ನಗರದಲ್ಲೇ, ಆಮ್ಲಜನಕದ ಸಿಲಿಂಡರ್ ಹಿಡಿದು ಎಂಆರ್‌ಐ ಕೋಣೆಗೆ ಹೋದ ತರುಣನೊಬ್ಬನನ್ನು ಯಂತ್ರ ಎಳೆದುಕೊಂಡು ಅವನ ಜೀವವೇ ಹೋಯಿತು. ಹಾಗಾಗಿ ನಾವು ಕರಿಮಣಿ, ಬಳೆ, ಹೇರ್‌ಪಿನ್ ಎಲ್ಲ ತೆಗೆಸಿದರೆ ದಯವಿಟ್ಟು ಸಿಟ್ಟಾಗಬೇಡಿ. ಆಟದ ಮಕ್ಕಳು ಹಾಕುವ ಕೆಲವು ಬಿಗಿ ಉಡುಪುಗಳಲ್ಲಿ ಬೆವರು ನಾತ ಬಾರದಿರಲಿ ಎಂದು ಬೆಳ್ಳಿಯ ಎಳೆ ಸೇರಿಸಿರುತ್ತಾರೆ. ಅದು ಸ್ಕ್ಯಾನ್ ವೇಳೆ ಬಿಸಿಯಾಗಿ ಚರ್ಮ ಸುಟ್ಟದ್ದೂ ಇದೆ. ನಮ್ಮ ಗೌನ್ ಚಂದವಿಲ್ಲ ಎಂದು ಹುಡುಗಿಯರು ಮುಖ ಸಿಂಡರಿಸುತ್ತಾರೆ. ಚಂದವಿಲ್ಲದಿದ್ದರೂ ಅದನ್ನೇ ಹಾಕಬೇಕು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಎರಡು ಘಟನೆ ಹೇಳುತ್ತೇನೆ, ಒಂದು ನಮ್ಮ ಮನೆಯದೇ.

ನನ್ನ ಅಕ್ಕನ ಮಗಳು, ಹನ್ನೆರಡು ವರ್ಷ, ಖೋ-ಖೋ ಆಡುತ್ತಾಳೆ. ಮಂಡಿಚಿಪ್ಪಿನ ಕೆಳಗೆ ನೋವು, ಅಲ್ಲಿ ಸಣ್ಣ ಗುಬುಟು. ನಾನು ಊರಿಗೆ ಹೋಗಿದ್ದಾಗ ಅಕ್ಕ ಗಾಬರಿಯಿಂದ ತಾನೇ ಎಲ್ಲೋ ಒಂದು ಕಡೆ ಎಂಆರ್‌ಐ ಮಾಡಿಸಿದಳು. ವರದಿಯಲ್ಲಿ "ಮೆನಿಸ್ಕಸ್ ಹರಿದಿರುವ ಸಾಧ್ಯತೆ" ಎಂದಿತ್ತು. ರಾತ್ರಿ ಹನ್ನೊಂದಕ್ಕೆ ಫೋನ್. "ಆಪರೇಷನ್ ಅಂತೆ ಕಣೇ, ಹೆಣ್ಣುಮಗಳ ಕಾಲು, ನಾಳೆ ಮದುವೆ ಗಿದುವೆ..." ಎಂದು ಅಳು. ಸಿ.ಡಿ. ತರಿಸಿ ನಮ್ಮ ಹಿರಿಯ ರೇಡಿಯಾಲಜಿಸ್ಟ್‌ಗೆ ತೋರಿಸಿದೆ. ಅವರು ನಕ್ಕರು. ಎಳೆಯ ಮಕ್ಕಳ ಮೆನಿಸ್ಕಸ್‌ನ ಒಳಗೆ ದೊಡ್ಡವರಿಗಿಂತ ಹೆಚ್ಚು ರಕ್ತನಾಳಗಳಿರುತ್ತವೆ. ಎಂಆರ್‌ಐಯಲ್ಲಿ ಅವು ಬಿಳಿಗೆರೆಯಂತೆ ಕಾಣುತ್ತವೆ. ಆ ಗೆರೆ ಗಾದಿಯ ಮೇಲ್ಮೈಯನ್ನು ಮುಟ್ಟಿದರೆ ಹರಿದಿದೆ ಎನ್ನಬಹುದು. ಒಳಗೇ ನಿಂತಿದ್ದರೆ, ಗಾದಿಯ ಹತ್ತಿಯಲ್ಲಿ ಗೆರೆ ಇದೆ, ಹೊದಿಕೆ ಹರಿದಿಲ್ಲ, ಅಷ್ಟೆ. ನಮ್ಮ ಹುಡುಗಿಯ ಮೆನಿಸ್ಕಸ್ ಗಟ್ಟಿಯಾಗಿಯೇ ಇತ್ತು. ಅವಳಿಗೆ ಇದ್ದದ್ದು ಆಸ್‌ಗುಡ್-ಶ್ಲಾಟರ್. ಬಾಸ್ಟನ್ನಿನ ಆಸ್‌ಗುಡ್, ಜ್ಯೂರಿಚ್‌ನ ಶ್ಲಾಟರ್ ಎಂಬ ಇಬ್ಬರು ವೈದ್ಯರು 1903ರಲ್ಲಿ ಬೇರೆ ಬೇರೆಯಾಗಿ ವಿವರಿಸಿದ ತೊಂದರೆ ಇದು. ಬೆಳೆಯುವ ಮೂಳೆಗೆ ತೊಡೆಯ ಸ್ನಾಯು ಅಂಟಿಕೊಳ್ಳುವ ಜಾಗದಲ್ಲಿ ಜಿಗಿತ, ಓಟ ಹೆಚ್ಚಾಗಿ ಎಳೆತ ಬೀಳುತ್ತದೆ. ಹೆಚ್ಚಿನವರಿಗೆ ಆಟ ಸ್ವಲ್ಪ ಕಡಿಮೆ ಮಾಡಿ, ಮಂಜುಗಡ್ಡೆ ಒತ್ತಿ, ತೊಡೆಯ ಸ್ನಾಯು ಹಿಗ್ಗಿಸುವ ವ್ಯಾಯಾಮ ಮಾಡಿದರೆ ಬೆಳವಣಿಗೆ ಮುಗಿಯುವ ಹೊತ್ತಿಗೆ ಗುಣವಾಗುತ್ತದೆ. ನಿಜ ಹೇಳಬೇಕೆಂದರೆ ಇದನ್ನು ಪತ್ತೆ ಹಚ್ಚಲು ಎಂಆರ್‌ಐ ಬೇಕಾಗಿರಲಿಲ್ಲ. ಮಂಡಿಯನ್ನು ಕೈಯಲ್ಲಿ ಮುಟ್ಟಿ ನೋಡುವ ವೈದ್ಯರು ಸಾಕಿತ್ತು. ಸಾವಿರಾರು ರೂಪಾಯಿ ಹೋಯಿತು, ಮೂರು ರಾತ್ರಿಯ ನಿದ್ದೆಯೂ ಹೋಯಿತು.

ಚಿತ್ರದಲ್ಲಿ ಕಂಡದ್ದೆಲ್ಲ ರೋಗವಲ್ಲ ಎಂಬುದು ಎಳೆಯರ ಮಂಡಿಯ ಅಧ್ಯಯನಗಳಲ್ಲಿ ಪದೇ ಪದೇ ಕಂಡುಬಂದಿದೆ. ಬ್ರೆಜಿಲ್‌ನಲ್ಲಿ ಫುಟ್‌ಬಾಲ್ ಆಡುವ, ಮಂಡಿ ನೋವಿನ ದೂರೇ ಇಲ್ಲದ ಹದಿಹರೆಯದವರನ್ನು ಎಂಆರ್‌ಐಯಲ್ಲಿ ಮಲಗಿಸಿ ನೋಡಿದರು. ಆಡದ ಮಕ್ಕಳಿಗಿಂತ ಆಡುವವರ ಮೂಳೆಯೊಳಗೆ ಊತದಂಥ ಬಿಳಿ ಕಲೆಗಳು ಹೆಚ್ಚಾಗಿ ಕಂಡವು. ಅಂದರೆ ಮೂಳೆಯ ಮೇಲೆ ಭಾರ ಬಿದ್ದಿದೆ, ಮೂಳೆ ಅದಕ್ಕೆ ಹೊಂದಿಕೊಳ್ಳುತ್ತಿದೆ, ಮಗು ಆರಾಮಾಗಿದೆ. ಗ್ರೋತ್ ಪ್ಲೇಟ್ ಮುಚ್ಚಿಕೊಳ್ಳುವ ಸಮಯದಲ್ಲಿ ಅದರ ಸುತ್ತ ಕಾಣುವ ಇಂಥದೇ ಕಲೆಗೆ 2011ರಲ್ಲಿ ವೈದ್ಯರು ಬೇರೆ ಹೆಸರನ್ನೇ ಕೊಟ್ಟರು, ಯಾರೂ ಅದನ್ನು ಗಡ್ಡೆ ಎಂದೋ ಮುರಿತವೆಂದೋ ತಪ್ಪು ತಿಳಿಯದಿರಲಿ ಎಂದು.

ಇನ್ನೊಂದು ಬಗೆಯ ಸ್ಕ್ಯಾನ್ ಇದೆ, ಟಿ2 ಮ್ಯಾಪಿಂಗ್. ಇದು ಸಾಮಾನ್ಯ ಸೆಂಟರ್‌ಗಿಂತ ಸಂಶೋಧನೆ ಮಾಡುವವರಲ್ಲಿ ಹೆಚ್ಚು. ಮೃದ್ವಸ್ಥಿ ಮೇಲ್ನೋಟಕ್ಕೆ ಸವೆಯುವ ಮೊದಲೇ ಅದರೊಳಗಿನ ನಾರಿನ ಹೆಣಿಗೆ ಸಡಿಲವಾಗುತ್ತದೆ, ಒಳಗಿನ ನೀರು ಹೆಚ್ಚು ಸಲೀಸಾಗಿ ಓಡಾಡುತ್ತದೆ. ಆ ಬದಲಾವಣೆಯನ್ನು ಟಿ2 ಬಣ್ಣಗಳಲ್ಲಿ ತೋರಿಸುತ್ತದೆ. ಸೀರೆಯ ಬಟ್ಟೆ ಹರಿಯುವ ಮೊದಲು ನೇಯ್ಗೆ ಅಲ್ಲಲ್ಲಿ ತೆಳುವಾಗುವುದು ಬೆಳಕಿಗೆ ಹಿಡಿದರೆ ಕಾಣುತ್ತದಲ್ಲ, ಹಾಗೆ. ಆದರೆ ಮಕ್ಕಳಲ್ಲಿ ಇದು ಸುಲಭವಲ್ಲ. ಅವರ ಮೃದ್ವಸ್ಥಿ ದಪ್ಪ, ನೀರೂ ಹೆಚ್ಚು, ಬೆಳೆದಂತೆ ಬದಲಾಗುತ್ತದೆ. ದೊಡ್ಡವರ ಅಳತೆಯನ್ನು ಹದಿಮೂರರ ಹುಡುಗಿಗೆ ಹಾಕಿದರೆ ಆರೋಗ್ಯವಂತ ಮಂಡಿಯೂ ಕೆಟ್ಟಂತೆ ಕಾಣಬಹುದು. ಓಡಿ ಬಂದ ಕೂಡಲೇ ಸ್ಕ್ಯಾನ್ ಮಾಡಿದರೆ, ಭಾರಕ್ಕೆ ಒತ್ತಿದ ಮೃದ್ವಸ್ಥಿಯಿಂದ ನೀರು ಸ್ವಲ್ಪ ಹೊರಹೋಗಿ ಅಳತೆ ಬೇರೆಯೇ ಬರುತ್ತದೆ, ವಿಶ್ರಾಂತಿಯ ನಂತರ ಮರಳುತ್ತದೆ. ಆದ್ದರಿಂದ ಇಂಥ ಅಧ್ಯಯನದಲ್ಲಿ ಮಗುವನ್ನು ಮೊದಲು ಸುಮ್ಮನೆ ಕೂರಿಸುತ್ತಾರೆ.

ಎರಡನೆಯ ಘಟನೆ ಇದಕ್ಕೆ ತದ್ವಿರುದ್ಧ. ಹದಿನೈದರ ಹುಡುಗಿ, ಕಬಡ್ಡಿ. ಕಳೆದ ಮಳೆಗಾಲದಲ್ಲಿ ನಮ್ಮಲ್ಲಿಗೆ ಬಂದಾಗ ಮಂಡಿ ಪೂರ್ತಿ ಚಾಚಲು ಆಗುತ್ತಿರಲಿಲ್ಲ. ಯಾವಾಗ ಬಿದ್ದೆ ಎಂದರೆ ತಾಯಿ "ಹೋದ ವಾರ" ಎಂದರು. ತಾಯಿ ಫಾರ್ಮ್ ತುಂಬಲು ಹೊರಗೆ ಹೋದಾಗ ಹುಡುಗಿ ಮೆಲ್ಲನೆ ಹೇಳಿದಳು: "ಆಂಟಿ, ಎಂಟು ತಿಂಗಳಾಯ್ತು. ಟಕ್ ಅಂತ ಕೇಳಿಸಿತ್ತು. ಸೆಲೆಕ್ಷನ್ ಇತ್ತು, ಮನೇಲಿ ಹೇಳಿದ್ರೆ ಆಟ ಬಿಡಿಸ್ತಾರೆ." ಆ "ಟಕ್" ಎಂಬ ಶಬ್ದ ಅವಳ ಬಾಯಿಂದ ಬಂದಾಗ ನನ್ನ ಕೈ ಒಂದು ಕ್ಷಣ ನಿಂತಿತು. ಚಿತ್ರ ಬಂತು. ಎಸಿಎಲ್ ತುಂಡು. ಅದಷ್ಟೇ ಆಗಿದ್ದರೆ ಒಂದು ಮಾತು. ಹಗ್ಗವಿಲ್ಲದ ಮಂಡಿಯ ಮೇಲೆ ಎಂಟು ತಿಂಗಳು ಓಡಿ, ಹಾರಿ, ಮೆನಿಸ್ಕಸ್ ಕೂಡ ಹರಿದು ಮಡಚಿ ಸಂದಿಯಲ್ಲಿ ಸಿಕ್ಕಿಕೊಂಡಿತ್ತು. ತಡವಾದಷ್ಟೂ ಹೀಗೆ ಒಂದರ ಮೇಲೊಂದು ಹಾಳಾಗುತ್ತದೆ.

ಒಂದೇ ಆಟ ಆಡಿದರೂ ಹುಡುಗಿಯರಲ್ಲಿ ಎಸಿಎಲ್ ಹರಿಯುವುದು ಹುಡುಗರಿಗಿಂತ ಎರಡು ಮೂರು ಪಟ್ಟು ಹೆಚ್ಚು, ಕೆಲವು ಆಟಗಳಲ್ಲಿ ಇನ್ನೂ ಹೆಚ್ಚು. ಸೊಂಟದ ಅಗಲ, ಹಾರ್ಮೋನು, ನೆಗೆದು ಇಳಿಯುವಾಗ ಮಂಡಿ ಒಳಗೆ ಬಾಗುವ ರೀತಿ ಎಂದೆಲ್ಲ ಕಾರಣ ಹೇಳುತ್ತಾರೆ. ನಾನು ಇನ್ನೊಂದು ಕಾರಣ ಸೇರಿಸುತ್ತೇನೆ: ಗಂಡುಮಕ್ಕಳಿಗೆ ಮೊದಲಿಂದ ಸಿಗುವ ತರಬೇತಿ, ಒಳ್ಳೆಯ ಶೂ, ಒಳ್ಳೆಯ ಮೈದಾನ ನಮ್ಮ ಹುಡುಗಿಯರಿಗೆ ತಡವಾಗಿ ಸಿಗುತ್ತದೆ. ಎಸಿಎಲ್ ಹರಿದವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಹತ್ತಿಪ್ಪತ್ತು ವರ್ಷದಲ್ಲಿ ಮಂಡಿ ಸವೆತ ಬರುತ್ತದೆ. ಹದಿನೈದಕ್ಕೆ ಪೆಟ್ಟಾದವಳಿಗೆ ಮೂವತ್ತೈದಕ್ಕೆ ಅಜ್ಜಿಯ ಮಂಡಿ. ಆಪರೇಷನ್ ಮಾಡಿಸಿದರೂ ಈ ಅಪಾಯ ಪೂರ್ತಿ ಹೋಗುವುದಿಲ್ಲ. ಆದರೆ ಮಂಡಿ ಗಟ್ಟಿಯಾಗಿ ನಿಲ್ಲುತ್ತದೆ, ಮೆನಿಸ್ಕಸ್ ಉಳಿಯುತ್ತದೆ. ಎಳೆಯರಲ್ಲಿ ಈ ಆಪರೇಷನ್ ಮಾಡುವಾಗ ಗ್ರೋತ್ ಪ್ಲೇಟ್‌ಗೆ ಧಕ್ಕೆಯಾಗದಂತೆ ರಂಧ್ರ ಕೊರೆಯಬೇಕು. ಆ ಪದರ ಇನ್ನೂ ಎಷ್ಟು ತೆರೆದಿದೆ ಎಂಬುದೂ ಎಂಆರ್‌ಐಯಲ್ಲಿ ಕಾಣುತ್ತದೆ.

ಆಟ ಮುಗಿಯಿತು ಎಂದು ಹೆದರಬೇಕಾಗಿಲ್ಲ. ಕುಸ್ತಿಯ ವಿನೇಶ್ ಫೋಗಟ್ ಅವರನ್ನು 2016ರಲ್ಲಿ ರಿಯೊ ಒಲಿಂಪಿಕ್ಸ್‌ನ ಅಖಾಡದಿಂದ ಸ್ಟ್ರೆಚರ್‌ನಲ್ಲಿ ಹೊತ್ತೊಯ್ದರು, ಮಂಡಿಗೆ ಪೆಟ್ಟು. 2018ರಲ್ಲಿ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದರು. 2023ರ ಆಗಸ್ಟ್‌ನಲ್ಲಿ ಮತ್ತೆ ಮಂಡಿಗೆ ಪೆಟ್ಟಾಗಿ ನಮ್ಮ ಮುಂಬಯಿಯಲ್ಲೇ ಶಸ್ತ್ರಚಿಕಿತ್ಸೆಯಾಯಿತು. ಮರುವರ್ಷ ಪ್ಯಾರಿಸ್‌ನಲ್ಲಿ ಅವರು ಎಲ್ಲಿಯವರೆಗೆ ಹೋದರು, ಏನಾಯಿತು ಎಂಬುದು ನಿಮಗೆಲ್ಲ ಗೊತ್ತು. ಅದು ಮಂಡಿಯ ತಪ್ಪಲ್ಲ.

ಪೆಟ್ಟಾಗದಂತೆ ತಡೆಯುವುದಕ್ಕೂ ದಾರಿ ಇದೆ, ಅದಕ್ಕೆ ಯಂತ್ರ ಬೇಡ. ಫಿಫಾ ಸಂಸ್ಥೆಯ "11+" ಎಂಬ ಇಪ್ಪತ್ತು ನಿಮಿಷದ ಬೆಚ್ಚಗಾಗುವ ವ್ಯಾಯಾಮವಿದೆ: ಓಡುವುದು, ಒಂಟಿ ಕಾಲಲ್ಲಿ ನಿಲ್ಲುವುದು, ನೆಗೆದು ಮಂಡಿ ಬಾಗಿಸಿ ಮೆತ್ತಗೆ ಇಳಿಯುವುದು. ನಾರ್ವೆಯಲ್ಲಿ 13ರಿಂದ 17 ವರ್ಷದ ಫುಟ್‌ಬಾಲ್ ಹುಡುಗಿಯರ ಮೇಲೆ ಇದನ್ನು ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದರು. ಒಟ್ಟು ಗಾಯಗಳು ಸುಮಾರು ಮೂರನೇ ಒಂದು ಪಾಲು ಕಡಿಮೆಯಾಗಿದ್ದವು. ನಿಮ್ಮ ಮಗಳ ಕೋಚ್ ನೇರ ಪಂದ್ಯಕ್ಕೆ ಇಳಿಸುತ್ತಿದ್ದರೆ ಹೋಗಿ ಕೇಳಿ. ಫೀಸು ಕೊಡುವವರು ನಾವು. ಮತ್ತೊಂದು, ಇಲ್ಲಿ ನಾವೆಲ್ಲ ಹೆಂಗಸರೇ ಇರುವುದರಿಂದ ಹೇಳುತ್ತೇನೆ: ಆಡುವ ಮಗಳ ಮುಟ್ಟು ತಿಂಗಳುಗಟ್ಟಲೆ ನಿಂತರೆ "ಒಳ್ಳೆಯದೇ ಆಯ್ತು, ಪಂದ್ಯಕ್ಕೆ ಅಡ್ಡಿಯಿಲ್ಲ" ಎಂದು ಬಿಡಬೇಡಿ. ಊಟ ಸಾಲದೆ ಓಟ ಹೆಚ್ಚಾದಾಗ ಹಾಗಾಗುತ್ತದೆ, ಮೂಳೆ ಸೊರಗುತ್ತದೆ, ಕೂದಲೆಳೆಯಂಥ ಬಿರುಕುಗಳು ಬರುತ್ತವೆ. ಎಕ್ಸ್-ರೇಯಲ್ಲಿ ಕಾಣದ ಅವನ್ನು ನಾವು ಎಂಆರ್‌ಐಯಲ್ಲಿ ಕಾಣುತ್ತೇವೆ.

ಖರ್ಚಿನ ಮಾತು. ಖಾಸಗಿಯಲ್ಲಿ ದರ ಕೈಸುಡುತ್ತದೆ. ಪಾಲಿಕೆಯ ಆಸ್ಪತ್ರೆಗಳಲ್ಲಿ ದರ ಕಡಿಮೆ, ಸಾಲು ಉದ್ದ. ಯಂತ್ರಗಳಲ್ಲಿ ಹೆಚ್ಚಿನವು ಹೊರದೇಶದವು. ಬೆಂಗಳೂರಿನ ವೋಕ್ಸೆಲ್‌ಗ್ರಿಡ್ಸ್ ಕಂಪನಿ ಕಟ್ಟಿದ 1.5 ಟೆಸ್ಲಾ ಯಂತ್ರ 2023ರ ಆಗಸ್ಟ್‌ನಲ್ಲಿ ಬಿಡುಗಡೆಯಾಯಿತು. ನಮ್ಮ ಪವಾಯಿಯ ಸಮೀರ್ ಸಂಸ್ಥೆಯೂ ಸ್ವದೇಶಿ ಯಂತ್ರ ತಯಾರಿಸಿ ದೆಹಲಿಯ ಏಮ್ಸ್‌ನಲ್ಲಿ ಪರೀಕ್ಷಿಸಲು 2025ರಲ್ಲಿ ಒಪ್ಪಂದ ಮಾಡಿಕೊಂಡಿದೆ. ಪರದೆಯ ಮೇಲೆ ನಮ್ಮ ದೇಶದ ಹೆಸರು ಕಾಣುವ ದಿನ ನಿವೃತ್ತಿಗೆ ಮೊದಲು ಬಂದರೆ ಸಂತೋಷ.

ಭಾಷಣದ ನಂತರ ಒಬ್ಬರು ಕೇಳಿದ ಪ್ರಶ್ನೆಯನ್ನು ಸಂಪಾದಕಿಯವರ ಕೋರಿಕೆಯ ಮೇರೆಗೆ ಸೇರಿಸುತ್ತಿದ್ದೇನೆ. "ಮಗಳಿಗೆ ನೋವೇನೂ ಇಲ್ಲ, ಆದರೂ ಮುಂಜಾಗ್ರತೆಗೆ ಒಮ್ಮೆ ಎಂಆರ್‌ಐ ಮಾಡಿಸಲೇ?" ಬೇಡ. ನೋವಿಲ್ಲದ ಮಗುವಿನ ಚಿತ್ರದಲ್ಲಿ ಏನೋ ಒಂದು ಬಿಳಿ ಕಲೆ ಸಿಕ್ಕೇ ಸಿಗುತ್ತದೆ, ನಿಮ್ಮ ನಿದ್ದೆ ಕೆಡುತ್ತದೆ. ಆದರೆ ಪೆಟ್ಟಾದಾಗ ಸದ್ದು ಕೇಳಿಸಿದರೆ, ಕೆಲವೇ ಗಂಟೆಗಳಲ್ಲಿ ಊದಿದರೆ, ಮಂಡಿ ಸಿಕ್ಕಿಕೊಂಡರೆ, ನಡೆಯುವಾಗ ಕಾಲು ಕುಸಿದಂತಾದರೆ ಆ ವಾರವೇ ಮೂಳೆ ವೈದ್ಯರಿಗೆ ತೋರಿಸಿ. ಎಂಆರ್‌ಐ ಬೇಕೇ ಬೇಡವೇ ಎಂದು ಅವರು ಮುಟ್ಟಿ ನೋಡಿ ಹೇಳುತ್ತಾರೆ.

ಉಪ್ಪಿಟ್ಟು, ಕೇಸರಿಬಾತಿನ ಸಾಲಿನಲ್ಲಿ ನಿಂತಿದ್ದಾಗ ತಾಯಿಯ ಜೊತೆ ಬಂದಿದ್ದ ಒಬ್ಬ ಹುಡುಗಿ ನನ್ನ ಸೆರಗು ಹಿಡಿದಳು. ಹದಿಮೂರಿರಬಹುದು. "ಆಂಟಿ, ಮೆಟ್ಟಿಲಿಳಿಯುವಾಗ ನನ್ನ ಮಂಡಿ ಸಿಕ್ಕಿಕೊಳ್ಳುತ್ತೆ. ಅಮ್ಮಂಗೆ ಹೇಳ್ಬೇಡಿ" ಎಂದಳು. ತಟ್ಟೆ ಅಲ್ಲೇ ಮೇಜಿನ ಮೇಲಿಟ್ಟು ಅವಳ ಕೈ ಹಿಡಿದುಕೊಂಡು ಅಮ್ಮನ ಬಳಿಗೆ ಹೋದೆ. ತಾಯಿ ಮಗಳಿಬ್ಬರೂ ಒಪ್ಪಿದ್ದರಿಂದಲೇ ಇದನ್ನು ಇಲ್ಲಿ ಬರೆದಿದ್ದೇನೆ. ಬರುವ ಶನಿವಾರ ಅವರು ವೈದ್ಯರನ್ನು ಕಾಣಲಿದ್ದಾರೆ, ನಾನೂ ಜೊತೆಗೆ ಹೋಗುತ್ತಿದ್ದೇನೆ.